ಹೆಸರಿಲ್ಲದ ಹೆಣಗಳ ಆಟ

ವಿಡಿಯೋ ಗೇಮುಗಳ ಬಗ್ಗೆ ನಮ್ಮ ಸೀಮೆಯಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಒಂದು ಹಿರಿಯರದು: ಇವು ಹುಡುಗರನ್ನು ಹಾಳು ಮಾಡುತ್ತಿವೆ, ಸರ್ಕಾರ ಕೂಡಲೇ ನಿಷೇಧಿಸಬೇಕು. ಮಸೀದಿಯ ಕಟ್ಟೆಯಲ್ಲೂ ಇದೇ ಮಾತು, ಗುಡಿಯ ಕಟ್ಟೆಯಲ್ಲೂ ಇದೇ ಮಾತು. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಈ ಎರಡು ಕಟ್ಟೆಗಳು ಈ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಕೈಕುಲುಕಿವೆ. ಇನ್ನೊಂದು ಹುಡುಗರದು: "ಅದು ಬರೇ ಗೇಮ್ ಐತ್ರಿ, ನೀವ್ಯಾಕ ಅಷ್ಟು ತಲಿ ಕೆಡಿಸ್ಕೋತೀರಿ?"

ನನ್ನ ತಕರಾರು ಈ ಎರಡೂ ಮಾತುಗಳ ಬಗ್ಗೆ. ಹಿರಿಯರು ಆಟವನ್ನು ನೋಡದೆಯೇ ತೀರ್ಪು ಕೊಡುತ್ತಾರೆ. ಹುಡುಗರು ಹಗಲಿರುಳು ನೋಡುತ್ತಾರೆ, ತೀರ್ಪನ್ನೇ ಕೊಡುವುದಿಲ್ಲ. ಜಮಖಂಡಿಯ ಬಸ್ ನಿಲ್ದಾಣದಲ್ಲಿ, ಮುಧೋಳದ ಕಾಲೇಜು ಮೈದಾನದಲ್ಲಿ, ಬೀಳಗಿಯ ಚಹಾದಂಗಡಿಯ ಮುಂದೆ, ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ನಿಂತ ಗಳಿಗೆಯಲ್ಲಿ, ತಲೆ ತಗ್ಗಿಸಿ ಮೊಬೈಲಿನಲ್ಲಿ ಗುಂಡು ಹಾರಿಸುವ ಹುಡುಗರು ಎಲ್ಲ ಜಾತಿಗೂ ಎಲ್ಲ ಧರ್ಮಕ್ಕೂ ಸೇರಿದವರು. ಅವರು ಯಾರನ್ನು ಕೊಲ್ಲುತ್ತಿದ್ದಾರೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೆ?

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ನಿಷೇಧ ಎಂದೊಡನೆ ನಮ್ಮವರು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ. ಅದರ ಮುಖ್ಯ ಕಲಮುಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆಯಹೊರಟಿರುವುದೂ ಹಣದ ಆಟವನ್ನೇ. ಇನ್ನು 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದಕ್ಕೆ ಕಾರಣ ಚೀನಾದ ಜೊತೆಗಿನ ಗಡಿ ತಂಟೆ ಮತ್ತು ದೇಶದ ಭದ್ರತೆ. ಮರುವರ್ಷವೇ ಅದೇ ಆಟ ಬೇರೆ ಹೆಸರು ಹೊತ್ತು ಬಂತು. ಅಂದರೆ ಇಷ್ಟೆಲ್ಲ ನಿಷೇಧಗಳಲ್ಲಿ ಯಾವುದೂ ಕೊಲ್ಲುವುದರ ಬಗ್ಗೆ ಇರಲಿಲ್ಲ. ದುಡ್ಡು ಹೋಗಬಾರದು, ಮಾಹಿತಿ ಹೋಗಬಾರದು ಎಂಬ ಕಾಳಜಿ ಇತ್ತು, ಅದು ಸರಿಯಾದದ್ದೇ. ಮನಸ್ಸಿನಿಂದ ಏನು ಹೋಗುತ್ತಿದೆ ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ. ಆ ಲೆಕ್ಕವನ್ನು ಕಾಯ್ದೆ ಇಡಲಾರದು. ಕತೆ ಹೇಳುವವರು, ಕೇಳುವವರು ಇಡಬೇಕು.

ಪುಣೆಯಲ್ಲಿ ಕೆಲಸಕ್ಕಿರುವ ಅಕ್ಕನ ಮಗ ರಜೆಗೆ ಬಂದಾಗಲೆಲ್ಲ ತನ್ನ ಕಂಪ್ಯೂಟರನ್ನು ಮನೆಯಲ್ಲಿ ಬಿಚ್ಚಿಡುತ್ತಾನೆ. ಕಳೆದ ಕೆಲವು ತಿಂಗಳುಗಳಲ್ಲಿ ಅವನ ಪಕ್ಕ ಕೂತು ನಾನೂ ಹತ್ತಾರು ಆಟಗಳನ್ನು ಆಡಿದ್ದೇನೆ. ಕಾದಾಟದ ಆಟ, ಪಾತ್ರ ಹೊತ್ತು ಊರೂರು ತಿರುಗುವ ಆಟ, ಹೆದರಿಸುವ ಆಟ. ಸಣ್ಣಕತೆ ಬರೆಯುವವನಿಗೆ ಇಲ್ಲೇನು ಕೆಲಸ ಎಂದು ಗೆಳೆಯರು ನಕ್ಕರು. ಆದರೆ ಇವು ಕತೆಗಳೇ. ಉರ್ದು ಶಾಲೆಯಲ್ಲಿ ಓದಿದವರಿಗೆ ಇವು ಹೊಸವೂ ಅಲ್ಲ. 1883ರಿಂದ ಲಖನೌದ ನವಲ್ ಕಿಶೋರ್ ಪ್ರೆಸ್ ಸಂಪುಟದ ಮೇಲೆ ಸಂಪುಟ ಅಚ್ಚು ಹಾಕಿದ ಅಮೀರ್ ಹಮ್ಜಾನ ದಾಸ್ತಾನುಗಳಲ್ಲಿ, ಅದರಲ್ಲೂ 'ತಿಲಿಸ್ಮೆ ಹೋಶ್‌ರುಬಾ'ದಲ್ಲಿ, ಇವತ್ತಿನ ಆಟದ ಎಲ್ಲ ಸಾಮಾನೂ ಇದೆ. ಭೇದಿಸಬೇಕಾದ ಮಾಯಾಲೋಕವೇ ತಿಲಿಸ್ಮು. ಅದರ ಗುಟ್ಟು ಬರೆದಿಟ್ಟ ಫಲಕ ಲೌಹ್. ಅಮರ್ ಅಯ್ಯಾರನ ಹೆಗಲಿಗಿರುವ ಜಂಬೀಲ್ ಎಂಬ ಚೀಲದಲ್ಲಿ ಎಷ್ಟು ತುಂಬಿದರೂ ಜಾಗ ಮುಗಿಯುವುದಿಲ್ಲ. ಇವತ್ತು ಹುಡುಗರು 'ಇನ್ವೆಂಟರಿ' ಎನ್ನುವುದು ಆ ಜಂಬೀಲನ್ನೇ. ಆದ್ದರಿಂದ ಆಟವನ್ನು ಕತೆಯೆಂದೇ ಹಿಡಿದು, ಕತೆಗೆ ಕೇಳುವ ಪ್ರಶ್ನೆಯನ್ನೇ ಕೇಳೋಣ. ಇಲ್ಲಿ ಸತ್ತವನು ಯಾರು? ಅವನಿಗೆ ಹೆಸರಿದೆಯೆ?

ಹಿಂಸೆ ಇದೆ ಎಂಬುದೇ ದೂರಾದರೆ ನಾವು ಮೊದಲು ಮುಧೋಳದ ರನ್ನನನ್ನೇ ನಿಷೇಧಿಸಬೇಕಾಗುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ಬರೆದದ್ದು ಗದೆ ಹಿಡಿದ ಇಬ್ಬರ ಕಾಳಗದ ಕಾವ್ಯ. ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹೊಗಳುವುದು ಅವನ ಉದ್ದೇಶ. ಅಂದಮೇಲೆ ದುರ್ಯೋಧನ ಬರೀ ಹೊಡೆಸಿಕೊಳ್ಳುವ ಗೊಂಬೆಯಾದರೆ ಸಾಕಿತ್ತು. ರನ್ನ ಹಾಗೆ ಮಾಡಲಿಲ್ಲ. ಕಾಳಗಕ್ಕೆ ಮೊದಲು ದುರ್ಯೋಧನನನ್ನು ಸಂಜಯನ ಜೊತೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಸಿದ. ದ್ರೋಣನ ಹೆಣದ ಮುಂದೆ ನಿಲ್ಲಿಸಿದ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಲ್ಲಿಸಿ ಕೈಮುಗಿಸಿದ. ಆಮೇಲೆ ಸ್ವಂತ ಮಗನ, ತಮ್ಮ ದುಶ್ಶಾಸನನ, ಗೆಳೆಯ ಕರ್ಣನ ಹೆಣಗಳ ಮುಂದೆ ಅಳಿಸಿದ. ಸಾವಿರ ವರ್ಷದ ಹಿಂದೆ ನಮ್ಮ ಮುಧೋಳದ ಕವಿ ಕಲಿಸಿದ ಪಾಠ ಇದು: ಕಾಳಗದ ಕತೆ ಹೇಳುವವನು ಹೆಣಗಳನ್ನು ದಾಟಿ ಹೋಗಬಾರದು, ಒಂದೊಂದರ ಮುಂದೆಯೂ ನಿಲ್ಲಬೇಕು.

ಹೋಶ್‌ರುಬಾದಲ್ಲಿ ಮಾಂತ್ರಿಕನೊಬ್ಬ ಸತ್ತರೆ ಕತ್ತಲೆ ಕವಿಯುತ್ತದೆ, ಗದ್ದಲವೇಳುತ್ತದೆ, ನನ್ನನ್ನು ಕೊಂದರು, ನನ್ನ ಹೆಸರು ಇಂಥದ್ದು ಎಂದು ದನಿಯೊಂದು ಕೂಗಿ ಹೇಳುತ್ತದೆ. ಅವನು ಖಳನೇ, ಸಾಯಬೇಕಾದವನೇ. ಆದರೂ ಹೆಸರು ಹೇಳದೆ ಸಾಯುವಂತಿಲ್ಲ. ಮೊಹರಂನಲ್ಲಿ ನಮ್ಮ ಹಳ್ಳಿಗಳ ಹಿಂದೂ ಮುಸ್ಲಿಮರು ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳೂ ಯುದ್ಧದ ಪದಗಳೇ. ಅಲ್ಲಿ ಗೆದ್ದವರ ಲೆಕ್ಕವಿಲ್ಲ. ನೀರಿಲ್ಲದೆ ಸತ್ತ ಹಸುಗೂಸಿಗೂ ಹೆಸರಿದೆ, ಅದಕ್ಕೊಂದು ಪದವಿದೆ. ಅದನ್ನು ಕನ್ನಡದಲ್ಲಿ ಹಾಡಿ ಕಣ್ಣೀರು ಹಾಕುವ ಲಿಂಗಾಯತರ, ಕುರುಬರ, ಬೇಡರ ಮುದುಕರು ಇನ್ನೂ ಇದ್ದಾರೆ.

ಈಗ ಆಟಕ್ಕೆ ಬನ್ನಿ. ಬಹುತೇಕ ಕಾದಾಟದ ಆಟಗಳಲ್ಲಿ ನೀವು ಕೊಂದವನ ಹೆಣ ಸ್ವಲ್ಪ ಹೊತ್ತಿನಲ್ಲೇ ಮಾಯವಾಗುತ್ತದೆ. ಹೆಣಗಳನ್ನೆಲ್ಲ ಹಾಗೇ ಬಿಟ್ಟರೆ ಯಂತ್ರದ ನೆನಪಿಗೆ ಹೊರೆಯಾಗುತ್ತದಂತೆ, ಆದ್ದರಿಂದ ಅಳಿಸಿಬಿಡುತ್ತಾರೆ. ಕಾರಣ ತಾಂತ್ರಿಕವಾದದ್ದೇ ಇರಬಹುದು. ಆದರೆ ಹೆಣ ಹೊರೆಯೆಂಬ ಪಾಠ ಯಂತ್ರಕ್ಕಷ್ಟೇ ನಿಲ್ಲುವುದಿಲ್ಲ, ಆಡುವವನ ನೆನಪಿಗೂ ಇಳಿಯುತ್ತದೆ.

'ಕಾಲ್ ಆಫ್ ಡ್ಯೂಟಿ' ಸರಣಿಯನ್ನೇ ತೆಗೆದುಕೊಳ್ಳಿ. 2007ರಲ್ಲಿ ಬಂದ 'ಮಾಡರ್ನ್ ವಾರ್‌ಫೇರ್'ನಲ್ಲಿ ಅಮೆರಿಕದ ಸೈನಿಕರು ಅರಬರ ದೇಶವೊಂದಕ್ಕೆ ನುಗ್ಗುತ್ತಾರೆ. ಆ ದೇಶಕ್ಕೆ ಹೆಸರೇ ಇಲ್ಲ! ನುಗ್ಗುವ ಸೈನಿಕನಿಗೆ ಹೆಸರಿದೆ, ಹುದ್ದೆಯಿದೆ, ತಮಾಷೆ ಮಾಡುವ ಗೆಳೆಯರಿದ್ದಾರೆ. ಎದುರಿನ ಬೀದಿಯಲ್ಲಿ ಬಿದ್ದವನಿಗೆ ಏನೂ ಇಲ್ಲ. ನಮ್ಮ ಹುಡುಗ ಒಂದರ ಮೇಲೊಂದು ಗುಂಡು ಹಾರಿಸುತ್ತಿದ್ದಾಗ ನಾನು ಕೇಳಿದೆ:

"ಯಾರಪಾ ಇವರು?"

"ಎನಿಮಿ, ಮಾಮೂ."

"ಎನಿಮಿ ಖರೆ, ಯಾವೂರವರು?"

"ಅದೆಲ್ಲಾ ಇರೂದಿಲ್ಲ ಮಾಮೂ, ಬರೇ ಎನಿಮಿ ಇರ್ತಾರ."

ಬರೇ ಎನಿಮಿ. ಅವನ ಅಜ್ಜ ಶುಕ್ರವಾರ ಹೆಗಲಿಗೆ ಹಾಕಿಕೊಳ್ಳುವಂಥದೇ ರುಮಾಲು ಆ ಎನಿಮಿಯ ಕೊರಳಲ್ಲಿತ್ತು. ಹುಡುಗನಿಗೆ ಅದು ಕಾಣಲಿಲ್ಲ, ಕಾಣಬಾರದೆಂದೇ ಆಟವನ್ನು ಕಟ್ಟಿದ್ದಾರೆ. ಅದೇ ಆಟವನ್ನು ಅವನ ಪಕ್ಕದ ಮನೆಯ ಹಿಂದೂ ಗೆಳೆಯನೂ ಆಡುತ್ತಾನೆ. ಇಬ್ಬರೂ ಒಬ್ಬನನ್ನೇ ಕೊಲ್ಲುತ್ತಾರೆ. ಒಬ್ಬನಿಗೆ ತನ್ನ ಅಜ್ಜನ ಗುರುತು ಮರೆಯುತ್ತದೆ. ಇನ್ನೊಬ್ಬನಿಗೆ ಗೆಳೆಯನ ಅಜ್ಜನ ಬಗ್ಗೆ ಬೇರೆಯೇ ಗುರುತು ಸಿಗುತ್ತದೆ. ಕೋಮು ಗಲಭೆಯ ಬಗ್ಗೆ ಮಾರುದ್ದ ಭಾಷಣ ಮಾಡುವ ನಾವು ಈ ಸಣ್ಣ ಗುರುತಿನ ಬಗ್ಗೆ ಯೋಚಿಸಿದ್ದೇವೆಯೆ?

ಇದು ನನ್ನ ಗುಮಾನಿ ಮಾತ್ರ ಎನ್ನುವವರು 'ಅಮೆರಿಕಾಸ್ ಆರ್ಮಿ' ಎಂಬ ಆಟದ ಚರಿತ್ರೆ ನೋಡಲಿ. ಸೇನೆಗೆ ಹುಡುಗರನ್ನು ಸೆಳೆಯಲೆಂದು ಅಮೆರಿಕದ ಸೇನೆಯೇ 2002ರ ಜುಲೈ 4ರಂದು ಪುಕ್ಕಟೆಯಾಗಿ ಹಂಚಿದ ಆಟ ಅದು. 2022ರಲ್ಲಿ ಮುಚ್ಚಿತು. ಅದರಲ್ಲಿ ಎರಡು ತಂಡಗಳು ಎದುರಾಗುತ್ತಿದ್ದವು. ಪ್ರತಿ ತಂಡದವರಿಗೂ ತಾವು ಅಮೆರಿಕದ ಸೈನಿಕರಾಗಿಯೇ, ಎದುರಿನವರು ವೈರಿಗಳಾಗಿಯೇ ಕಾಣುತ್ತಿದ್ದರು. ಅಂದರೆ ಯಾರೊಬ್ಬರೂ ಕ್ಷಣಮಾತ್ರವೂ ವೈರಿಯ ಜಾಗದಲ್ಲಿ ನಿಲ್ಲದಂತೆ ಕಣ್ಣಿಗೇ ಪಟ್ಟಿ ಕಟ್ಟಿದ್ದರು. ರನ್ನನೂ ಅರಸನ ಅನ್ನ ಉಂಡೇ ಬರೆದ. ಆದರೆ ಅವನು ಎದುರಾಳಿಯ ಎದೆಯೊಳಗೆ ನಮ್ಮನ್ನು ಇಳಿಸಿದ. ಸಾಮ್ರಾಜ್ಯದ ಆಟ ಆ ಬಾಗಿಲನ್ನೇ ಗೋಡೆ ಕಟ್ಟಿ ಮುಚ್ಚಿತು.

ಇಲ್ಲಿ ನನ್ನ ಸಮುದಾಯದವರಿಗೂ ಒಂದು ಮಾತು ಹೇಳಬೇಕು. 2021ರ ನವೆಂಬರ್‌ನಲ್ಲಿ 'ಕಾಲ್ ಆಫ್ ಡ್ಯೂಟಿ: ವ್ಯಾನ್‌ಗಾರ್ಡ್' ಬಂದಾಗ ಅದರ ಒಂದು ದೃಶ್ಯದಲ್ಲಿ ಕುರ್‌ಆನಿನ ಹಾಳೆಗಳು ನೆಲದ ಮೇಲೆ ಬಿದ್ದಿರುವುದು ಕಂಡು ಆಕ್ರೋಶವೆದ್ದಿತು. ಕಂಪನಿ ಆ ಹಾಳೆಗಳನ್ನು ತೆಗೆದು ಕ್ಷಮೆ ಕೇಳಿತು. ಕೇಳಲೇಬೇಕಿತ್ತು. ಆದರೆ ಇದೇ ಸರಣಿಯಲ್ಲಿ ಅದಕ್ಕೂ ಮೊದಲು ವರ್ಷಗಟ್ಟಲೆ ನೆಲಕ್ಕುರುಳಿದ ಹೆಸರಿಲ್ಲದ ಮನುಷ್ಯರಿಗಾಗಿ ಇಂಥ ಕೂಗು ಎದ್ದಿತೆ? ಹಾಳೆ ಬಿದ್ದರೆ ನೋಯುವ ನಾವು, ಆ ಹಾಳೆಯನ್ನು ಓದುವ ಮನುಷ್ಯ ಬಿದ್ದಾಗ ಪಾಯಿಂಟು ಎಣಿಸುತ್ತ ಕೂತಿದ್ದರೆ ನಮ್ಮ ಗೌರವಕ್ಕೆ ಏನರ್ಥ?

ಪಾತ್ರ ಹೊತ್ತು ಆಡುವ ಆಟಗಳ ಕತೆ ಬೇರೆ. ಅವುಗಳಲ್ಲಿ ಮಾತಿದೆ, ಆಯ್ಕೆಯಿದೆ, ಜನಜೀವನವಿದೆ. ಪೋಲೆಂಡಿನವರು 2015ರಲ್ಲಿ ತಂದ 'ವಿಚರ್ 3' ತಮ್ಮದೇ ಭಾಷೆಯ ಕಾದಂಬರಿಗಳಿಂದ ಹುಟ್ಟಿದ ಆಟ. ಯುದ್ಧದಲ್ಲಿ ನಲುಗಿದ ಹಳ್ಳಿಗಳು, ಕುಡುಕ ಗಂಡನ ಕೈಯಲ್ಲಿ ನವೆದ ಹೆಂಗಸು, ಸತ್ತೇ ಹುಟ್ಟಿದ ಕೂಸಿಗೆ ಹೆಸರಿಟ್ಟು ಮಣ್ಣು ಮಾಡುವ ತಂದೆ ಇದರಲ್ಲಿದ್ದಾರೆ. ಅಷ್ಟು ಒಳ್ಳೆಯ ಕತೆಯಿರುವ ಇದೇ ಆಟದಲ್ಲಿ ನಾಯಕ ಹಸಿದ ರೈತನ ಗುಡಿಸಲಿಗೆ ಹೇಳದೆ ಕೇಳದೆ ನುಗ್ಗಿ, ಗಡಿಗೆ ಪೆಟ್ಟಿಗೆ ತಡಕಾಡಿ, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಾನೆ. ಬಹಳ ಕಡೆ ಮನೆಯವರು ಪಕ್ಕದಲ್ಲೇ ನಿಂತಿದ್ದರೂ ಕಮಕ್ ಕಿಮಕ್ ಅನ್ನುವುದಿಲ್ಲ. ಇಂಥ ಆಟಗಳಲ್ಲೆಲ್ಲ ಇದು ಸಾಮಾನ್ಯ. ಇದಕ್ಕೆ ಹುಡುಗರು 'ಲೂಟ್' ಎನ್ನುತ್ತಾರೆ. ಪದ ನಮ್ಮದೇ. ನಮ್ಮ ನಾಡನ್ನು ದೋಚುವಾಗ ಇಂಗ್ಲಿಷರು ಈ ಮಾತನ್ನೂ ಒಯ್ದರು, ಈಗ ಆಟದ ಜೊತೆ ವಾಪಸು ಕಳಿಸಿದ್ದಾರೆ.

ಲೂಟಿ ಅಂದರೇನು ಎಂಬುದು ಮುಧೋಳ ತಾಲೂಕಿನ ಹಲಗಲಿಗೆ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಹುಕುಮನ್ನು ಅಲ್ಲಿನ ಬೇಡರು ಧಿಕ್ಕರಿಸಿದರು. ಕಂಪನಿಯ ದಂಡು ಊರಿಗೆ ಬೆಂಕಿ ಇಟ್ಟಿತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿತು. ಆ ಕತೆಯನ್ನು ಹೇಳುವ ಲಾವಣಿಯನ್ನು ಸಂಗ್ರಹಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಅದರಲ್ಲಿ ಜಡಗ, ಬಾಲ, ಹನುಮ, ರಾಮ ಎಂದು ಹೋರಾಡಿದವರ ಹೆಸರುಗಳಿವೆ. ಅಷ್ಟೇ ಅಲ್ಲ, ದಂಡು ದೋಚಿದ ಸಾಮಾನುಗಳ ಪಟ್ಟಿಯೂ ಇದೆ. ಉಪ್ಪು, ಎಣ್ಣೆ, ಅರಿಶಿಣ, ಬೆಲ್ಲದಿಂದ ಹಿಡಿದು ಬೀಸುವ ಕಲ್ಲು, ಹೆಂಗಸರ ಕೊರಳಿನ ತಾಳಿಯವರೆಗೆ ಲಾವಣಿಕಾರ ಒಂದೊಂದನ್ನೂ ಎಣಿಸಿದ್ದಾನೆ. ಆಟದ ಪರದೆಯ ಮೇಲೂ ದೋಚಿದ ಸಾಮಾನುಗಳ ಪಟ್ಟಿ ಮೂಡುತ್ತದೆ. ಪಟ್ಟಿ ಒಂದೇ ಥರದ್ದು. ಒಂದನ್ನು ದೋಚಿದವನು ಓದುತ್ತಾನೆ, ಇನ್ನೊಂದನ್ನು ಕಳಕೊಂಡವರು ಹಾಡುತ್ತಾರೆ. ನಮ್ಮ ಹುಡುಗರು ಯಾವ ಕಡೆ ನಿಂತು ಓದುತ್ತಿದ್ದಾರೆ ಎಂಬುದೇ ನನ್ನ ಚಿಂತೆ.

ಆಟವೆಂದಮೇಲೆ ಇದೆಲ್ಲ ಅನಿವಾರ್ಯ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬೇರೆ ಥರ ಮಾಡಿದವರಿದ್ದಾರೆ. ಬೋಸ್ನಿಯಾದ ಸರಾಯೆವೊ ನಗರ 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ನರಳಿತಲ್ಲ, ಆ ನೋವಿನಿಂದ ಪ್ರೇರಣೆ ಪಡೆದು ಪೋಲೆಂಡಿನ ಇನ್ನೊಂದು ತಂಡ 2014ರಲ್ಲಿ 'ದಿಸ್ ವಾರ್ ಆಫ್ ಮೈನ್' ಎಂಬ ಆಟ ಮಾಡಿತು. ಅದರಲ್ಲಿ ನೀವು ಸೈನಿಕರಲ್ಲ, ಹಸಿದ ನಾಗರಿಕರು. ಒಂದು ರಾತ್ರಿ ಮುದಿ ಗಂಡ ಹೆಂಡತಿಯ ಮನೆಗೆ ಹೋಗಿ ಅವರ ಅನ್ನ, ಔಷಧಿ ಕದಿಯಬಹುದು. ಅವರು ತಡೆಯಲಾರರು. ಆದರೆ ಕದ್ದು ಬಂದವನು ಕುಗ್ಗುತ್ತಾನೆ, ಮಂಕಾಗುತ್ತಾನೆ, ಮನೆಯ ಉಳಿದವರೂ ನೆಮ್ಮದಿ ಕಳಕೊಳ್ಳುತ್ತಾರೆ. 2020ರಲ್ಲಿ ಪೋಲೆಂಡಿನ ಸರ್ಕಾರ ಈ ಆಟವನ್ನು ಶಾಲೆಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಘೋಷಿಸಿತು. 2015ರ 'ಅಂಡರ್‌ಟೇಲ್' ಇನ್ನೂ ಚಿಕ್ಕ ಆಟ, ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ್ದು. ಅದರಲ್ಲಿ ಒಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಕೊಂದರೆ ಆಟ ನೆನಪಿಟ್ಟುಕೊಳ್ಳುತ್ತದೆ, ನಿಮ್ಮನ್ನು ಕೇಳುತ್ತದೆ. ಲೂಟಿಗೆ ಅಳುಕು, ಕೊಲೆಗೆ ನೆನಪು ಇರುವ ಆಟಗಳೂ ಮಾರಾಟವಾಗುತ್ತವೆ ಎಂದಾಯಿತಲ್ಲ?

ಹೆದರಿಸುವ ಆಟಗಳಿಗೆ ಬಂದರೆ 'ರೆಸಿಡೆಂಟ್ ಈವಿಲ್ 4'ರ ಹೆಸರು ಎಲ್ಲರ ಬಾಯಲ್ಲಿದೆ. 2005ರದ್ದು, 2023ರಲ್ಲಿ ಹೊಸ ಉಡುಪಿನಲ್ಲಿ ಬಂತು. ಅಮೆರಿಕದ ಅಧ್ಯಕ್ಷನ ಮಗಳನ್ನು ಬಿಡಿಸಲು ಸ್ಪೇನಿನ ಹಳ್ಳಿಯೊಂದಕ್ಕೆ ಹೋಗುವ ಅಧಿಕಾರಿಗೆ ಎದುರಾಗುವವರು ಯಾರು? ಕೊಡಲಿ, ಕುಡಗೋಲು ಹಿಡಿದ ರೈತರು. ಹುಳ ಹೊಕ್ಕು ಅವರ ಬುದ್ಧಿ ಕೆಟ್ಟಿದೆಯಂತೆ, ಆದ್ದರಿಂದ ಕೊಲ್ಲಬಹುದಂತೆ. 2009ರ ಐದನೆಯ ಭಾಗದಲ್ಲಿ ಆಫ್ರಿಕದ ಕರಿಯರು ಅದೇ ಜಾಗಕ್ಕೆ ಬಂದರು, ಆಗಲೇ ಜಗತ್ತಿನ ಹಲವರು ಇದನ್ನು ಪ್ರಶ್ನಿಸಿದರು. ಹಳ್ಳಿ ಎಂದರೆ ಭಯ, ದುಡಿಯುವವನ ಕೈಯ ಹತಾರ ಎಂದರೆ ಭಯ ಎಂದು ಇದು ಹೇಳುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರ ಮಕ್ಕಳು ಕುಡಗೋಲು ಹಿಡಿದವನನ್ನು ಕಂಡು ಹೆದರಿ ಗುಂಡು ಹಾರಿಸುವುದನ್ನು ಕಲಿಯಬೇಕೆ?

ಇದಕ್ಕೆ ಎದುರಾಗಿ 2001ರಲ್ಲಿ ಬಂದು 2024ರಲ್ಲಿ ಮರುರೂಪ ಪಡೆದ 'ಸೈಲೆಂಟ್ ಹಿಲ್ 2' ಇದೆ. ಮಂಜು ಕವಿದ, ಜನ ಖಾಲಿಯಾದ ಊರು. ಸತ್ತ ಹೆಂಡತಿಯ ಪತ್ರ ಹಿಡಿದು ಅವಳನ್ನು ಹುಡುಕಿ ಬಂದವನಿಗೆ ಕೊನೆಗೆ ಸಿಗುವುದು ತನ್ನದೇ ಪಾಪ. ಅಲ್ಲಿನ ದೆವ್ವಗಳು ಹೊರಗಿನಿಂದ ಬಂದವಲ್ಲ. ಈ ಭಯ ನನಗೆ ಒಪ್ಪಿಗೆ. ಆದರೆ ಖಾಲಿ ಊರೊಂದನ್ನು ಬೀಳಗಿಯ ಜನ ನೋಡುವ ಬಗೆ ಇದಕ್ಕಿಂತ ಬೇರೆ. ಆಲಮಟ್ಟಿಯ ಹಿನ್ನೀರು ಬಂದು ಮನೆ, ಹೊಲ, ಗುಡಿ, ದರ್ಗಾ, ಗೋರಿಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದವರು ಅವರು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಡೆದೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿತು. ಖಾಲಿಯಾದ ಊರು ಇವರಿಗೆ ದೆವ್ವದ ಕತೆಯಲ್ಲ, ತಲಾಟಿ ಕಚೇರಿಯ ಕಾಗದ. ಭಯದ ಆಟ ಮಾಡುವವರಿಗೆ ನಮ್ಮಲ್ಲಿ ಇಷ್ಟು ದೊಡ್ಡ ಭಯ ಬಿದ್ದುಕೊಂಡಿದೆ. ಅದನ್ನು ಹೇಳುವವರಿಲ್ಲದೆ ನಮ್ಮ ಹುಡುಗರು ಅಮೆರಿಕದ ಮಂಜಿನಲ್ಲಿ ಬೆಚ್ಚುತ್ತಿದ್ದಾರೆ.

ಮುಧೋಳ ಎಂದರೆ ನಾಯಿ ಎಂದೂ ಲೋಕಕ್ಕೆ ಗೊತ್ತು. ಆದ್ದರಿಂದ ನಾಯಿಯ ಮಾತಿನಿಂದಲೇ ಇದನ್ನು ಮುಗಿಸುತ್ತೇನೆ. 2020ರಲ್ಲಿ ಬಂದ 'ದ ಲಾಸ್ಟ್ ಆಫ್ ಅಸ್' ಎರಡನೆಯ ಭಾಗವನ್ನು ಬಹಳ ಜನ ಕ್ರೂರವೆಂದು ಬೈದರು. ನನಗೆ ಅದು ಪ್ರಾಮಾಣಿಕವಾಗಿ ಕಂಡಿತು. ಅಲ್ಲಿ ನೀವು ಒಬ್ಬನನ್ನು ಕೊಂದರೆ ಅವನ ಜೊತೆಗಾರ ಹೆಸರು ಹಿಡಿದು ಚೀರುತ್ತಾನೆ. ಕಾವಲು ನಾಯಿಯನ್ನು ಕೊಂದರೆ ಸಾಕಿದವನು ಅದರ ಹೆಸರು ಕೂಗಿ ಗೋಳಾಡುತ್ತಾನೆ. ಅರ್ಧ ಆಟ ಕಳೆದಮೇಲೆ ನಿಮ್ಮನ್ನು ವೈರಿಯ ಮೈಯೊಳಗೇ ಕೂರಿಸುತ್ತಾರೆ. ಹಿಂದೆ ನೀವೇ ಕೊಂದ ನಾಯಿಯ ಜೊತೆ, ಅದು ಬದುಕಿದ್ದ ದಿನಗಳಲ್ಲಿ ಚೆಂಡಾಡಬೇಕಾಗುತ್ತದೆ. ನಮ್ಮ ಹುಡುಗ ಅಲ್ಲಿಗೆ ಬಂದಾಗ ಆಡುವುದನ್ನು ನಿಲ್ಲಿಸಿದ. "ಇದು ಚಲೋ ಇಲ್ಲ ಮಾಮೂ, ಮನಸಿಗೆ ಹತ್ತೇತಿ" ಎಂದ. ಮನಸ್ಸಿಗೆ ಹತ್ತಿದ್ದೇ ಅದರ ಚಲೋತನ. ಹೋಶ್‌ರುಬಾದ ದನಿಯೂ ರನ್ನನ ನಡಿಗೆಯೂ ಈ ಆಟದಲ್ಲಿ ನನಗೆ ಮತ್ತೆ ಸಿಕ್ಕವು.

ಗುಂಡು ಹಾರಿಸುವ ಆಟ ಆಡಿದವರೆಲ್ಲ ಕೊಲೆಗಾರರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಳ್ಳು, ಹುಡುಗರಿಗೆ ಮಾಡುವ ಅವಮಾನ ಕೂಡ. ಬಾಲ್ಯದಲ್ಲಿ ದಾಸ್ತಾನು ಓದಿದವರು ಯಾರೂ ಖಡ್ಗ ಹಿಡಿದು ಬೀದಿಗೆ ಇಳಿಯಲಿಲ್ಲ. ಕೈ ಕೊಲೆಗಾರನಾಗುವುದಲ್ಲ, ಕಿವಿ ಕಿವುಡಾಗುವುದು ನನ್ನ ಆತಂಕ. ಟಿವಿಯಲ್ಲಿ ಗಾಜಾದ ಬೀದಿ ಕಂಡಾಗ, ನಮ್ಮದೇ ದೇಶದಲ್ಲಿ ಗುಂಪು ಸೇರಿ ಒಬ್ಬನನ್ನು ಬಡಿದು ಕೊಂದ ವಿಡಿಯೋ ಮೊಬೈಲಿಗೆ ಬಂದಾಗ, ಅದೇ ಬೆರಳು ಅದೇ ಪರದೆಯ ಮೇಲೆ ಆಡುತ್ತದೆ. ಆಗ ಅವನ ಹೆಸರೇನು, ಅವನ ಮನೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಹುಟ್ಟದೆ ಬೆರಳು ಮುಂದಕ್ಕೆ ಸರಿದರೆ ಆ ಸೋಲು ಹುಡುಗನೊಬ್ಬನದಲ್ಲ, ನಮ್ಮೆಲ್ಲರದು.

ಹಿರಿಯರು ಮೊಬೈಲು ಕಸಿಯುವ ಮೊದಲು ಹುಡುಗರ ಪಕ್ಕ ಅರ್ಧ ಗಂಟೆ ಕೂರಲಿ. ಇವನು ಯಾರು, ಯಾವ ಊರವನು, ಇವನನ್ನು ಯಾಕೆ ಕೊಂದೆ ಎಂದು ಕೇಳಲಿ. ಕನ್ನಡ, ಉರ್ದು ಮೇಷ್ಟ್ರುಗಳು ಗದಾಯುದ್ಧವನ್ನೋ ದಾಸ್ತಾನನ್ನೋ ಪಾಠ ಮಾಡುವಾಗ ಹುಡುಗರು ಆಡುವ ಆಟವನ್ನೂ ಪಕ್ಕಕ್ಕಿಟ್ಟು ನೋಡಲಿ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ನಮ್ಮ ಜಮಖಂಡಿ, ಮುಧೋಳದ ಹುಡುಗರಿಗೆ ಇದಕ್ಕಿಂತ ದೊಡ್ಡ ಕೆಲಸವಿದೆ. ನಾನು ಆಡಿದ ಯಾವ ಆಟದಲ್ಲೂ ಕನ್ನಡದ ದನಿ ಕೇಳಲಿಲ್ಲ. ಪೋಲೆಂಡಿನವರು ತಮ್ಮ ಕತೆಯನ್ನು, 2024ರಲ್ಲಿ 'ಬ್ಲ್ಯಾಕ್ ಮಿಥ್: ವುಕಾಂಗ್' ಮಾಡಿದ ಚೀನಿಯರು ತಮ್ಮ ಮಂಗರಾಯನ ಕತೆಯನ್ನು ಆಟವಾಗಿಸಿ ಜಗತ್ತಿಗೆ ಕೊಟ್ಟರು. ಹಲಗಲಿಯ ರಾತ್ರಿಯನ್ನು ದಂಡಿನವನಾಗಿ ಅಲ್ಲ, ಬೀಸುವ ಕಲ್ಲು ಕಳಕೊಂಡ ಹೆಂಗಸಾಗಿ ಆಡುವ ಆಟವನ್ನು ನೀವು ಮಾಡಿ. ಬನಹಟ್ಟಿಯ ಕೂಲಿ ನೇಕಾರನ ಒಂದು ವಾರದ ಸಂಪಾದನೆಯಲ್ಲಿ ಸಂಸಾರ ತೂಗಿಸುವ ಆಟ ಮಾಡಿ, ಯಾವ ರಾಕ್ಷಸನನ್ನು ಕೊಲ್ಲುವುದಕ್ಕಿಂತಲೂ ಅದು ಕಷ್ಟವಾದೀತು. ಮುಳುಗಡೆಯಾಗುವ ಊರಿನಿಂದ ಕೊನೆಯ ಗಾಡಿ ಹೊರಡುವಾಗ ಏನನ್ನು ಹೇರಬೇಕು, ಏನನ್ನು ಬಿಡಬೇಕು ಎಂದು ಕೇಳುವ ಆಟ ಮಾಡಿ. ಆ ಗಾಡಿಗೆ ಜಂಬೀಲಿನಂಥ ಮಾಯದ ಚೀಲ ಇರುವುದಿಲ್ಲ. ಅದನ್ನು ಆಡುವ ಹುಡುಗನಿಗೆ ಆಗ ಬೇರೆ ಯಾರೂ ಹೇಳದೆ ತಿಳಿಯುತ್ತದೆ, ಎದುರಿಗಿರುವವನು ಬರೇ ಎನಿಮಿ ಅಲ್ಲ ಎಂದು.